ಸಣ್ಣ ಉದ್ದಿಮೆಗಳ ಸಮುದಾಯ ನೆರವು

ಸಣ್ಣ ಉದ್ದಿಮೆಗಳ ಸಮುದಾಯ ನೆರವು ಎಂದರೆ ಅಕ್ಕಿ ಗಿರಣಿ, ವಸತಿಗೃಹ, ವರ್ಕ್‌ಶಾಪ್, ಲಾರಿ ಸಾರಿಗೆ, ಅಂಗಡಿ ಮುಂತಾದ ಸಣ್ಣ ಪ್ರಮಾಣದ ವ್ಯವಹಾರಗಳು ತಾವಿರುವ ಊರಿನ ಜನರಿಗೆ ಹಾಗೂ ದತ್ತಿ ಸಂಸ್ಥೆಗಳಿಗೆ ಹಣ, ಸರಕು, ಶ್ರಮ, ಕೌಶಲ ಅಥವಾ ಖರೀದಿಯ ರೂಪದಲ್ಲಿ ನೀಡುವ ಬೆಂಬಲ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯು (ಸಿಎಸ್‌ಆರ್) ಕಾನೂನಿನಿಂದ ಕಡ್ಡಾಯವಾಗಿದ್ದರೆ, ಸಣ್ಣ ಉದ್ದಿಮೆಗಳ ನೆರವು ಬಹುಮಟ್ಟಿಗೆ ಸ್ವಯಂಪ್ರೇರಿತವಾದುದು. ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ ಇದರ ಅಧ್ಯಯನಕ್ಕೆ ತಕ್ಕ ಪ್ರದೇಶಗಳಾಗಿವೆ. ಗಣಿಗಾರಿಕೆ, ಉಕ್ಕು, ತುಂಗಭದ್ರೆಯ ನೀರಾವರಿ ಮತ್ತು ಪ್ರವಾಸೋದ್ಯಮ ಈ ನಾಲ್ಕೂ ಇಲ್ಲಿ ಒಂದಕ್ಕೊಂದು ತೀರ ಸಮೀಪದಲ್ಲಿವೆ.

ಹಿನ್ನೆಲೆ

ವ್ಯಾಪಾರದ ಒಂದು ಪಾಲನ್ನು ಊರಿಗೆ ಬಿಡುವ ಪದ್ಧತಿ ಕರ್ನಾಟಕದಲ್ಲಿ ಹಳೆಯದು. ಅಯ್ಯಾವೊಳೆ ಐನೂರ್ವರು ಮೊದಲಾದ ವರ್ತಕ ಸಂಘಗಳು ದೇವಾಲಯಗಳಿಗೆ ದತ್ತಿ ಬಿಟ್ಟ ಉಲ್ಲೇಖಗಳು ಮಧ್ಯಕಾಲೀನ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ನಂದಾದೀಪಕ್ಕಾಗಿ ಗಾಣವೊಂದಕ್ಕೆ ಇಂತಿಷ್ಟು ಸೊಲಿಗೆ ಎಣ್ಣೆ, ಹೇರು ಒಂದಕ್ಕೆ ಇಂತಿಷ್ಟು ಸರಕು ಎಂಬ ಕ್ರಮ ಅವುಗಳಲ್ಲಿ ಕಂಡುಬರುತ್ತದೆ. ಇಂತಹ ದತ್ತಿಯ ಪ್ರಮಾಣವು ವರ್ಷಾಂತ್ಯದ ಲಾಭವನ್ನಲ್ಲದೆ ನಿತ್ಯದ ವಹಿವಾಟನ್ನು ಅವಲಂಬಿಸಿತ್ತು ಎಂಬುದು ಗಮನಾರ್ಹ. ಆದರೆ ಇವುಗಳಲ್ಲಿ ಕೆಲವು ದಾನಕ್ಕಿಂತ ಸುಂಕಕ್ಕೆ ಹತ್ತಿರವಾದವು. ಎಲ್ಲವನ್ನೂ ಸ್ವಇಚ್ಛೆಯ ಕೊಡುಗೆ ಎನ್ನಲಾಗದು. ಬೇಸಗೆಯಲ್ಲಿ ಅಂಗಡಿಗಳ ಮುಂದೆ ಇಡುವ ಅರವಟ್ಟಿಗೆ, ಜಾತ್ರೆಗಳ ದಾಸೋಹಕ್ಕೆ ಗಿರಣಿಗಳಿಂದ ಬರುವ ಅಕ್ಕಿ ಈ ಪರಂಪರೆಯ ಈಗಿನ ರೂಪಗಳಾಗಿವೆ.

ಕಾನೂನಿನ ಚೌಕಟ್ಟು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರ ಪ್ರಕಾರ ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂ. ನಿವ್ವಳ ಸಂಪತ್ತು, 1000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ತಾನು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ. ಪಾಲುದಾರಿಕೆ ಸಂಸ್ಥೆಗಳಿಗೂ ಒಬ್ಬರೇ ಮಾಲೀಕರಿರುವ ವ್ಯವಹಾರಗಳಿಗೂ ಇದು ಅನ್ವಯಿಸುವುದಿಲ್ಲ. ಹೀಗಾಗಿ ಹೊಸಪೇಟೆಯ ಒಂದು ಸಾಧಾರಣ ವಸತಿಗೃಹವಾಗಲಿ ಕಂಪ್ಲಿಯ ಒಂದು ಸಣ್ಣ ಗಿರಣಿಯಾಗಲಿ ಇದರ ವ್ಯಾಪ್ತಿಗೆ ಬರುವ ಸಂಭವ ಕಡಿಮೆ.

ಅದೇ ಕಾಯ್ದೆಯ 181ನೇ ಸೆಕ್ಷನ್ ಯಾವುದೇ ಕಂಪನಿಯ ನಿರ್ದೇಶಕ ಮಂಡಳಿಗೆ ದತ್ತಿ ನಿಧಿಗಳಿಗೆ ಕೊಡುಗೆ ನೀಡಲು ಅವಕಾಶ ಕಲ್ಪಿಸಿದೆ. ವರ್ಷದ ಒಟ್ಟು ಕೊಡುಗೆಯು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 5ನ್ನು ಮೀರುವುದಾದರೆ ಸಾಮಾನ್ಯ ಸಭೆಯ ಪೂರ್ವಾನುಮತಿ ಪಡೆಯಬೇಕಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ ನೋಂದಾಯಿತ ಸಂಸ್ಥೆಗಳಿಗೆ ನೀಡಿದ ದೇಣಿಗೆಗೆ ವಿನಾಯಿತಿ ಒದಗಿಸಿತು, 2000 ರೂ. ಮೀರಿದ ನಗದು ದೇಣಿಗೆಗೆ ಅದು ದೊರೆಯದು. ಶೇ. 22ರ ರಿಯಾಯಿತಿ ತೆರಿಗೆ ದರವನ್ನು (115ಬಿಎಎ) ಆಯ್ದುಕೊಂಡ ಕಂಪನಿಗೆ 80ಜಿ ವಿನಾಯಿತಿ ಇಲ್ಲವೆಂಬುದು ಹಲವರ ಗಮನಕ್ಕೆ ಬಾರದ ಸಂಗತಿ. 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರೂಪುಗೊಂಡಿರುವುದರಿಂದ ಸೆಕ್ಷನ್‌ಗಳ ಸಂಖ್ಯೆಗಳು ಬದಲಾಗುತ್ತವೆ.

ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸುವ ಹಣವನ್ನು ಕೆಲವೊಮ್ಮೆ ಕೊಡುಗೆಯೆಂದು ಬಣ್ಣಿಸಲಾಗುತ್ತದೆ. ಅದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಕಡ್ಡಾಯ ಪಾವತಿಯೇ ಹೊರತು ದಾನವಲ್ಲ.

ಸಂಡೂರಿನ ನಿದರ್ಶನ

ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನಗೊಂಡಿತು. ಅಲ್ಲಿನ ಘೋರ್ಪಡೆ ರಾಜಮನೆತನದವರು 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿಯನ್ನು ಆರಂಭಿಸಿದರು. ಮುಂದೆ ರಾಜ್ಯದ ಹಣಕಾಸು ಹಾಗೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದ ಎಂ. ವೈ. ಘೋರ್ಪಡೆ ಈ ಮನೆತನದವರು. ಇದು ಸಣ್ಣ ಕಂಪನಿಯಲ್ಲ. ಆದರೂ ಅದರ ಆಸರೆಯಲ್ಲಿ ಬೆಳೆದ ಸಂಡೂರು ಕುಶಲ ಕಲಾ ಕೇಂದ್ರದ ಕ್ರಮವನ್ನು ಸಣ್ಣ ಉದ್ದಿಮೆಗಳೂ ಅನುಸರಿಸಬಹುದಾಗಿದೆ.

ಸಂಡೂರು ಸುತ್ತಲಿನ ತಾಂಡಾಗಳ ಲಂಬಾಣಿ ಮಹಿಳೆಯರು ತಮ್ಮ ಕಾಂಚಳಿ, ಫೇಟಿಯಾಗಳಿಗೆ ಕನ್ನಡಿ ಚೂರು, ಕವಡೆ ಹಾಗೂ ಬಣ್ಣದ ದಾರಗಳಿಂದ ಕಸೂತಿ ಹಾಕುವ ಪರಂಪರೆಯುಳ್ಳವರು. ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ತೇಪೆ ಕೆಲಸವೂ ಇದರ ಭಾಗ. ಉಡುಪಿಗೆ ಸೀಮಿತವಾಗಿದ್ದ ಈ ಕೌಶಲವನ್ನು ಚೀಲ, ದಿಂಬಿನ ಹೊದಿಕೆ ಮುಂತಾದ ಮಾರಾಟದ ವಸ್ತುಗಳಿಗೆ ಅಳವಡಿಸಿ ಕೂಲಿ ದೊರಕಿಸಿದ್ದು ಕೇಂದ್ರದ ಕೆಲಸ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಲಭಿಸಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ಲಂಬಾಣಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ದಾಖಲೆಗಿಂತ ಮುಖ್ಯವಾದುದು ವರ್ಷವಿಡೀ ಕೆಲಸ ಸಿಗುವುದು. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿದಾಗ ಅದಿರಿನ ಲಾರಿಗಳನ್ನು ನೆಚ್ಚಿದ್ದ ಗ್ಯಾರೇಜು, ಹೋಟೆಲು, ಸಾರಿಗೆ ವ್ಯವಹಾರಗಳು ಒಮ್ಮೆಲೇ ಸೊರಗಿದವು. ಲಾಭದ ವರ್ಷಗಳಲ್ಲಿ ಮಾತ್ರ ಹರಿಯುವ ದೇಣಿಗೆಯನ್ನು ನಂಬಿದ ಶಾಲೆ ಅಥವಾ ಅನಾಥಾಲಯ ಅಂತಹ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ಸೂಜಿ ಹಿಡಿದ ಕೈಯ ಸಂಪಾದನೆ ಅದಿರಿನ ಬೆಲೆಗೆ ನೇರವಾಗಿ ಕಟ್ಟುಬಿದ್ದಿಲ್ಲ.

ನೆರವಿನ ಬಗೆಗಳು

ಸಣ್ಣ ಉದ್ದಿಮೆಗೆ ಅತ್ಯಂತ ಸುಲಭವಾದ ಮಾರ್ಗ ಖರೀದಿ. ಹೊಸಪೇಟೆಯ ವಸತಿಗೃಹವೊಂದು ತನ್ನ ಕೋಣೆಗಳಿಗೆ ಸಂಡೂರಿನ ಕಸೂತಿಯನ್ನೋ ನದಿಯಾಚೆಯ ಆನೆಗೊಂದಿಯಲ್ಲಿ ತಯಾರಾಗುವ ಬಾಳೆನಾರಿನ ಬುಟ್ಟಿಗಳನ್ನೋ ಕೊಂಡರೆ ಪ್ರತ್ಯೇಕ ದಾನ ನಿಧಿಯ ಅಗತ್ಯವಿಲ್ಲ. ಹಣವನ್ನು ತಡಮಾಡದೆ ಪಾವತಿಸುವುದೂ ಇದರಲ್ಲಿ ಸೇರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯು ನೋಂದಾಯಿತ ಸಣ್ಣ ಪೂರೈಕೆದಾರರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದು ವಿಧಿಸಿದೆ.

ಕೌಶಲದ ನೆರವಿನ ಮಹತ್ವ 2024ರಲ್ಲಿ ಎದ್ದುಕಂಡಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಂಪ್ಲಿ ಸೇರಿದಂತೆ ಅಚ್ಚುಕಟ್ಟಿನ ಭತ್ತದ ಬೆಳೆಗೆ ಬೇಕಾದ ನೀರು ನದಿಗೆ ಹರಿಯತೊಡಗಿತು. ಜಿಂದಾಲ್ ಉಕ್ಕು ಕಾರ್ಖಾನೆಯೊಂದಿಗೆ ಹೊಸಪೇಟೆಯ ಇಂಜಿನಿಯರಿಂಗ್ ವರ್ಕ್‌ಶಾಪ್‌ಗಳ ಕೆಲಸಗಾರರು ಹಗಲಿರುಳು ದುಡಿದು ತಾತ್ಕಾಲಿಕ ಸ್ಟಾಪ್‌ಲಾಗ್ ತುಂಡುಗಳನ್ನು ಸಿದ್ಧಪಡಿಸಿದರು. ತಜ್ಞ ಇಂಜಿನಿಯರ್ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಅವುಗಳನ್ನು ಹರಿಯುವ ನೀರಿನಲ್ಲೇ ಇಳಿಸಲಾಯಿತು. ಇದನ್ನು ದಾನವೆಂದು ಕರೆಯಲಾಗದು. ಆದರೆ ಊರಿನಲ್ಲೇ ಬೆಸುಗೆ ಬಲ್ಲ ಕೈಗಳಿರದಿದ್ದರೆ ಆ ವಾರ ಹಣದಿಂದ ಮಾತ್ರ ಆಗಬಹುದಾದದ್ದು ಬಹಳ ಕಡಿಮೆ.

ಸರ್ಕಾರಿ ಶಾಲೆಗಳಿಗೆ ನೆರವಾಗುವವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಹೋಗುವುದು ಉತ್ತಮ. ಶಾಲೆಗೆ ಆಗ ಏನು ಬೇಕೆಂಬುದು ಆ ಸಮಿತಿಗೆ ತಿಳಿದಿರುತ್ತದೆ. ಕೇಳದೆ ಕೊಟ್ಟ ಕಂಪ್ಯೂಟರ್‌ಗಿಂತ ಕೇಳಿ ಮಾಡಿಸಿದ ನೀರಿನ ತೊಟ್ಟಿ ಹೆಚ್ಚು ಬಳಕೆಯಾಗುತ್ತದೆ.

ಮಿತಿಗಳು

1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿರುವ ಹಂಪಿಯಲ್ಲಿ ಸದುದ್ದೇಶವೊಂದೇ ಸಾಲದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗಿನ ಪ್ರದೇಶದಲ್ಲಿ ನಿರ್ಮಾಣ ನಿಷಿದ್ಧವಾಗಿದ್ದು, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವಾಗಿದೆ. ಯಾತ್ರಿಕರಿಗಾಗಿ ನೆರಳಿನ ಚಪ್ಪರವನ್ನೋ ಶೌಚಾಲಯವನ್ನೋ ಕಟ್ಟಿಸಲು ಬಯಸುವವರು ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ ಮತ್ತು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ವಿಚಾರಿಸಬೇಕಾಗುತ್ತದೆ.

ನೆರವು ಪ್ರಚಾರದ ಸಾಧನವಾಗುವುದು ಇನ್ನೊಂದು ಟೀಕೆ. ಕೊಟ್ಟ ವಸ್ತುವಿಗಿಂತ ಅದರ ಮೇಲಿನ ಹೆಸರಿನ ಫಲಕವೇ ದೊಡ್ಡದಾಗಿರುವುದು ಅಪರೂಪವೇನಲ್ಲ. ಕೆಲಸಗಾರರಿಗೆ ಕನಿಷ್ಠ ಕೂಲಿ, ಭವಿಷ್ಯ ನಿಧಿ, ಇಎಸ್‌ಐಗಳನ್ನು ಸಲ್ಲಿಸದೆ ಹೊರಗಿನವರಿಗೆ ದಾನ ಮಾಡುವುದನ್ನೂ ಟೀಕಾಕಾರರು ಎತ್ತಿ ತೋರಿಸುತ್ತಾರೆ. ತನ್ನ ನೌಕರರಿಗೆ ಮಾತ್ರ ಪ್ರಯೋಜನವಾಗುವ ವೆಚ್ಚವನ್ನು ಸಿಎಸ್‌ಆರ್ ನಿಯಮಗಳು ಸಾಮಾಜಿಕ ವೆಚ್ಚವೆಂದು ಪರಿಗಣಿಸುವುದಿಲ್ಲ. ಆದರೆ ಆ ನಿಯಮಗಳಿಗೆ ಒಳಪಡದ ಐದಾರು ಜನರ ಗ್ಯಾರೇಜಿನಲ್ಲಿ ನೌಕರರೂ ಅದೇ ಓಣಿಯ ನಿವಾಸಿಗಳಾಗಿರುತ್ತಾರೆ.