ಬೂಷ್ಟು ಸಾಕಿದವರು

ಬ್ರೆಡ್ಡಿನ ಮೇಲೆ ಬೂಷ್ಟು ಕಂಡರೆ ನಾವು ಮೂಗು ಮುರಿದು ತಿಪ್ಪೆಗೆ ಎಸೆಯುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಇಬ್ಬರು ಅದನ್ನೇ ಗಾಜಿನ ಕೊಳವೆಗಳಲ್ಲಿ ಸಾಕಿದರು. ಜಾರ್ಜ್ ಬೀಡಲ್ ನೆಬ್ರಾಸ್ಕದ ರೈತನ ಮಗ, ವಂಶವಾಹಿಗಳನ್ನು ಬಲ್ಲವರು. ಎಡ್ವರ್ಡ್ ಟೇಟಮ್ ಜೀವರಸಾಯನ ಬಲ್ಲವರು. ಬೂಷ್ಟಿಗೆ ಕ್ಷಕಿರಣ ಹಾಯಿಸಿ, ಅದರ ಸಂತತಿಯ ಬೀಜಕಣಗಳನ್ನು ಒಂದೊಂದಾಗಿ ಬೆಳೆಸಿ, ಯಾವುದು ಯಾವ ಪೋಷಕಾಂಶ ತಯಾರಿಸಲಾರದೆ ಸೊರಗುತ್ತದೆಂದು ನೋಡುವುದು ಅವರ ಕೆಲಸ. ತಾಳ್ಮೆಯಲ್ಲದೆ ಬೇರೆ ದಾರಿಯಿರಲಿಲ್ಲ. 299ನೆಯ ತಳಿ ಬಿ6 ಜೀವಸತ್ವ ಕೊಟ್ಟಾಗ ಮಾತ್ರ ಚಿಗುರಿತು! ಒಂದು ವಂಶವಾಹಿ ಕೆಟ್ಟರೆ ಒಡಲಿನ ರಸಾಯನದ ಸರಪಳಿಯಲ್ಲಿ ಒಂದು ಕೊಂಡಿ ಕಳಚುತ್ತದೆಂಬುದು ಹೀಗೆ ಸ್ಪಷ್ಟವಾಯಿತು.

ನಮ್ಮ ಮನಸ್ಸು ನಿಲ್ಲುವುದು ಟೇಟಮ್ ಬಳಿ. ಸ್ವತಃ ಪ್ರಾಧ್ಯಾಪಕರಾಗಿದ್ದ ತಂದೆಗೆ ಒಂದೇ ಚಿಂತೆ: ಮಗ ಅತ್ತ ರಸಾಯನದವನೂ ಆಗದೆ, ಇತ್ತ ವಂಶವಾಹಿಯವನೂ ಆಗದೆ ಎಡಬಿಡಂಗಿಯಾದಾನೆಂದು. (ಎರಡು ಭಾಷೆಗಳ ನಡುವೆ ಬೆಳೆದವರಿಗೆ ಈ ಮಾತು ಹೊಸದಲ್ಲ.) ಭಯ ಪೂರ್ತಿ ಸುಳ್ಳಾಗಲಿಲ್ಲ. ಜೀವವಿಜ್ಞಾನ ವಿಭಾಗದಲ್ಲಿ ರಸಾಯನದವರಿಗೆ ಕಾಯಂ ಹುದ್ದೆ ದೊರೆಯದೆ 1945ರಲ್ಲಿ ಟೇಟಮ್ ಯೇಲ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಮರುವರ್ಷ ಬೀಡಲ್ ಕೂಡ ಕ್ಯಾಲ್‌ಟೆಕ್ ಸೇರಿದರು. 1958ರ ನೊಬೆಲ್‌ನ ಅರ್ಧವನ್ನು ಇಬ್ಬರೂ ಹಂಚಿಕೊಂಡರು. ಉಳಿದರ್ಧ ಯೇಲ್‌ನಲ್ಲಿ ಟೇಟಮ್ ಅವರ ಶಿಷ್ಯರಾಗಿದ್ದ ಜೋಶುವಾ ಲೆಡರ್‌ಬರ್ಗ್ ಅವರಿಗೆ ಸಂದಿತು.