ಶಿಷ್ಯನೋ, ಆಳೋ?

1661ರ ಜೂನ್‌ನಲ್ಲಿ ಹದಿನೆಂಟರ ಹರೆಯದ ಐಸಾಕ್ ನ್ಯೂಟನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದಾಗ ದಾಖಲಾತಿಯ ಪ್ರಕಾರ ಅವನು 'ಸಬ್‌ಸೈಜರ್'. ಅಂದರೆ ಖರ್ಚಿನಲ್ಲಿ ರಿಯಾಯಿತಿ ಪಡೆದು, ಅದಕ್ಕೆ ಬದಲಾಗಿ ಚಾಕರಿ ಮಾಡುವ ವಿದ್ಯಾರ್ಥಿ. ಬೆಳಿಗ್ಗೆ ಅಧ್ಯಾಪಕರನ್ನೂ ಸಿರಿವಂತ ಸಹಪಾಠಿಗಳನ್ನೂ ಎಬ್ಬಿಸುವುದು, ಅವರ ಬೂಟು ಒರೆಸುವುದು, ರಾತ್ರಿಯ ಮೂತ್ರಪಾತ್ರೆ ಚೆಲ್ಲಿ ಬರುವುದು, ಊಟದ ಹಾಲ್‌ನಲ್ಲಿ ಬಡಿಸುವುದು, ಎಲ್ಲರದ್ದೂ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವುದು, ಇವೆಲ್ಲ ಈ ವರ್ಗದವರ ಪಾಲಿಗೆ ಬರುತ್ತಿದ್ದ ಕೆಲಸಗಳು. ವಿಚಿತ್ರವೆಂದರೆ ನ್ಯೂಟನ್‌ನ ಮನೆಯಲ್ಲಿ ಬಡತನವಿರಲಿಲ್ಲ. ತಾಯಿ ಹ್ಯಾನಾಳಿಗೆ ಒಳ್ಳೆಯ ಆದಾಯವೇ ಇತ್ತು. ಮಗನ ಓದಿಗೆಂದು ಗಂಟು ಬಿಚ್ಚಲು ಮನಸ್ಸಿರಲಿಲ್ಲ, ಅಷ್ಟೆ. 1664ರಲ್ಲಿ ವಿದ್ಯಾರ್ಥಿವೇತನ ಸಿಕ್ಕ ಮೇಲೆಯೇ ಅವನು ಆ ವರ್ಗದಿಂದ ಹೊರಬಂದದ್ದು.

ಇದನ್ನು ಓದುವಾಗ ನಮಗೆ ವಾರಾನ್ನದ ಹುಡುಗರು ನೆನಪಾಗುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ವಾರಾನ್ನ ಹಾಕುವ ಮನೆಗಳು ಶಾಲೆಯ ಹೊರಗಿದ್ದವು. ಕೇಂಬ್ರಿಜ್, ಆಕ್ಸ್‌ಫರ್ಡ್‌ಗಳಲ್ಲಿ ಪಾಠ ಹೇಳುವುದು, ಅನ್ನ ಹಾಕುವುದು, ದುಡಿಸಿಕೊಳ್ಳುವುದು ಮೂರೂ ಒಂದೇ ಸೂರಿನಡಿ ನಡೆಯುತ್ತಿತ್ತು. ಹೀಗೆ ಒಂದೇ ಸಂಸ್ಥೆ ಒಬ್ಬನನ್ನು ಶಿಷ್ಯನಾಗಿಯೂ ಆಳಾಗಿಯೂ ಸೇರಿಸಿಕೊಂಡಾಗ ಅವನ ಹಕ್ಕುಗಳನ್ನು ಯಾವ ಹೆಸರಿನಡಿ ಲೆಕ್ಕ ಹಾಕಬೇಕು ಎಂಬ ಗೊಂದಲ ಆಗಲೇ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಇಂಥವರಿಗೆ 'ಸರ್ವಿಟರ್' ಎಂಬ ಹೆಸರಿತ್ತು. 1732ರಲ್ಲಿ ಅಲ್ಲಿನ ಪೆಂಬ್ರೋಕ್ ಕಾಲೇಜಿಗೆ ಸರ್ವಿಟರ್ ಆಗಿ ಬಂದ ಜಾರ್ಜ್ ವೈಟ್‌ಫೀಲ್ಡ್ ಮುಂದೆ ದೊಡ್ಡ ಧರ್ಮಪ್ರಚಾರಕನಾದ. ಅವನು ಗ್ಲಾಸ್ಟರ್‌ನಲ್ಲಿ ತನ್ನ ಮನೆಯವರು ನಡೆಸುತ್ತಿದ್ದ ಹೋಟೆಲಿನಲ್ಲಿ ಗಿರಾಕಿಗಳಿಗೆ ಪಾನೀಯ ಸುರಿದುಕೊಟ್ಟು ಬೆಳೆದವನು. ಆ ಅನುಭವ ಆಕ್ಸ್‌ಫರ್ಡ್‌ನಲ್ಲಿ ಕೈಹಿಡಿಯಿತು ಎಂದು ಅವನೇ ಬರೆದುಕೊಂಡಿದ್ದಾನೆ. ಅವನು ಬಂದ ಹೊತ್ತಿಗೆ ಹಲವು ಸರ್ವಿಟರುಗಳು ಕಾಯಿಲೆ ಬಿದ್ದಿದ್ದರು. ಇವನ ಚುರುಕು ಸೇವೆ ನೋಡಿ ಶ್ರೀಮಂತ ವಿದ್ಯಾರ್ಥಿಗಳು ತಮಗೆ ಇವನೇ ಬೇಕು ಎಂದು ಆರಿಸಿಕೊಂಡರು. 'ಪೂರ್ವಾನುಭವ ಇದ್ದವರಿಗೆ ಆದ್ಯತೆ' ಎಂಬ ಸಾಲು ಜಾಹೀರಾತುಗಳಲ್ಲಿ ಬರುವ ಮೊದಲೇ ಜಾರಿಯಲ್ಲಿತ್ತು ಅನ್ನಬೇಕು!

ಆಲಿವರ್ ಗೋಲ್ಡ್‌ಸ್ಮಿತ್‌ನ ಕತೆ ಇಷ್ಟು ಸುಸೂತ್ರವಲ್ಲ. ಅಣ್ಣ ಹೆನ್ರಿ ಪೂರ್ತಿ ಶುಲ್ಕ ಕೊಟ್ಟು ಓದಿದ್ದ. ಆದರೆ ಅಕ್ಕನ ವರದಕ್ಷಿಣೆಗೆ ಅಪ್ಪ ದುಡ್ಡು ಒಪ್ಪಿಕೊಂಡದ್ದರಿಂದ ಆಲಿವರ್ 1740ರ ದಶಕದಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೈಜರ್ ಆಗಿ ಹೋಗಬೇಕಾಯಿತು. ಅಲ್ಲಿ ಅವನಿಗೆ ಮೊದಲು ಸಿಕ್ಕದ್ದು ಸಮವಸ್ತ್ರ: ತೋಳಿಲ್ಲದ ಒರಟು ಕಪ್ಪು ನಿಲುವಂಗಿ ಮತ್ತು ಕೆಂಪು ಟೋಪಿ. ಇವನು ಯಾರು, ಇವನಿಗೆ ಏನು ಹೇಳಬಹುದು ಎಂದು ಅಂಗಳದಲ್ಲಿ ಹಾದುಹೋಗುವವರಿಗೆಲ್ಲ ಗೊತ್ತಾಗಲಿ ಅಂತ. 1759ರಲ್ಲಿ ಪ್ರಕಟವಾದ ತನ್ನ ಪುಸ್ತಕವೊಂದರಲ್ಲಿ ಅವನು ಈ ಪದ್ಧತಿಯನ್ನೇ ಹಿಡಿದು ಪ್ರಶ್ನಿಸಿದ. ಸ್ವತಂತ್ರ ಮನುಷ್ಯರಿಗೆ ತಕ್ಕ ವಿದ್ಯೆ ಕಲಿಸುತ್ತೇವೆ ಎನ್ನುವವರು ಕಲಿಯುವವನನ್ನು ಗುಲಾಮನಂತೆ ನಡೆಸಿಕೊಳ್ಳುವುದು ಎಂಥ ವಿರೋಧಾಭಾಸ ಎಂಬುದು ಅವನ ವಾದದ ತಿರುಳು. ಹತ್ತೊಂಬತ್ತನೆಯ ಶತಮಾನದಲ್ಲಿ ಚಾಕರಿಯ ಭಾಗ ಕಳಚಿತು. ಸೈಜರ್ ಎಂಬ ಪದ ಬರಿಯ ವಿದ್ಯಾರ್ಥಿವೇತನದ ಹೆಸರಾಗಿ ಉಳಿಯಿತು.

ವಿದ್ಯಾರ್ಥಿಯ ದುಡಿಮೆಯನ್ನು ಸರ್ಕಾರವೇ ಖರ್ಚು ಹಾಕಿ ಕೊಂಡದ್ದು ಅಮೆರಿಕದಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ 1935ರ ಜೂನ್‌ನಲ್ಲಿ ರಾಷ್ಟ್ರೀಯ ಯುವಜನ ಆಡಳಿತ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಣ ಸರ್ಕಾರದ್ದು. ಯಾರನ್ನು ತೆಗೆದುಕೊಳ್ಳಬೇಕು, ಏನು ಕೆಲಸ ಕೊಡಬೇಕು ಎಂಬುದು ಕಾಲೇಜಿಗೆ ಬಿಟ್ಟದ್ದು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯದ ಇಲಿಗಳಿಗೆ ಮೇವು ಹಾಕುವ ಕೆಲಸ ಒಬ್ಬ ಹುಡುಗನಿಗೆ ಸಿಕ್ಕಿತು. ಸಂಬಳ ತಿಂಗಳಿಗೆ 15 ಡಾಲರ್. ಅದೇ ದಿನಗಳಲ್ಲಿ ಅವನು ತನ್ನ ಮೊದಲ ನಾಟಕವನ್ನು ಬರೆದು 1936ರಲ್ಲಿ ವಿಶ್ವವಿದ್ಯಾಲಯದ ಹಾಪ್‌ವುಡ್ ಪ್ರಶಸ್ತಿ ಗೆದ್ದ. ಹೆಸರು ಆರ್ಥರ್ ಮಿಲ್ಲರ್. ಸಂಬಳ ಪಡೆದು ಕೆಲಸ ಮಾಡುವವನಿಗೂ ಎಂಜಲು ತಿನ್ನುವವನಿಗೂ ಇರುವ ದೂರ ಇಷ್ಟು ಎಂದು ಅಳೆದು ಹೇಳುವುದು ಕಷ್ಟ. ಆದರೂ ಮಿಲ್ಲರ್‌ಗೆ ಯಾರೂ ಕೆಂಪು ಟೋಪಿ ಹಾಕಲಿಲ್ಲ.

ಈ ಸಂಸ್ಥೆಯ ಟೆಕ್ಸಾಸ್ ಶಾಖೆಗೆ ನಿರ್ದೇಶಕನಾಗಿ ಬಂದವನು ಇಪ್ಪತ್ತಾರರ ಲಿಂಡನ್ ಜಾನ್ಸನ್. ಅವನೂ ಸ್ಯಾನ್ ಮಾರ್ಕಸ್‌ನ ಶಿಕ್ಷಕರ ಕಾಲೇಜಿನಲ್ಲಿ ಕಸ ಹೆಕ್ಕುತ್ತಾ ಓದಿದವನೇ. ಆಮೇಲೆ ಅಲ್ಲಿನ ಮುಖ್ಯಸ್ಥರ ಕಚೇರಿಯಲ್ಲಿ ಜಾಗ ಗಿಟ್ಟಿಸಿಕೊಂಡ. ಮುಂದೆ ದೇಶದ ಅಧ್ಯಕ್ಷನಾಗಿ 1964ರ ಆಗಸ್ಟ್ 20ರಂದು ಸಹಿ ಹಾಕಿದ ಬಡತನ ನಿವಾರಣಾ ಕಾಯ್ದೆಯಲ್ಲಿ 'ದುಡಿಮೆ–ಓದು' ಯೋಜನೆಯನ್ನೂ ಸೇರಿಸಿದ. ಆ ಕಾಯ್ದೆಯ ಎರಡು ಷರತ್ತುಗಳು ಗಮನಿಸುವಂಥವು. ತರಗತಿ ನಡೆಯುವ ವಾರಗಳಲ್ಲಿ 15 ಗಂಟೆಗಿಂತ ಹೆಚ್ಚು ದುಡಿಸಕೂಡದು. ವಿದ್ಯಾರ್ಥಿಯನ್ನು ತಂದು ಕೂರಿಸಿ ಇರುವ ನೌಕರನ ಅನ್ನ ಕಸಿಯಕೂಡದು. ಅಗ್ಗದ ಕೈ ಸಿಕ್ಕರೆ ವಿಶ್ವವಿದ್ಯಾಲಯ ಏನು ಮಾಡೀತು ಎಂದು ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಅಲ್ಲಿ ನಿಲುವಂಗಿಯ ಬದಲು ನಮೂನೆಗಳಿವೆ. 1986ರ ವಲಸೆ ಕಾಯ್ದೆಯ ನಂತರ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವನೂ ತಾನು ದುಡಿಯಲು ಅರ್ಹ ಎಂದು ದಾಖಲೆ ತೋರಿಸಬೇಕು. ಬೆಂಗಳೂರಿನಿಂದಲೋ ಧಾರವಾಡದಿಂದಲೋ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸರ್ಕಾರಿ 'ದುಡಿಮೆ–ಓದು' ಹಣ ಸಿಗದು. ಕ್ಯಾಂಪಸ್ಸಿನ ಇತರ ಕೆಲಸಗಳು ಸಿಗುತ್ತವೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿಯೊಳಗೆ. ಮನೆಯಲ್ಲಿ ತಟ್ಟೆ ತೊಳೆಯದ ನಮ್ಮ ಎಷ್ಟೋ ಹುಡುಗರು ಕೈಗೆ ಗ್ಲೌಸ್ ತೊಡುವ ಮೊದಲ ಪಾಠ ಕಲಿಯುವುದು ಅಲ್ಲಿನ ಊಟದ ಹಾಲ್‌ಗಳಲ್ಲಿ.

ಊಟದ ಹಾಲ್‌ನಲ್ಲಿ ದುಡಿಯುವವನು ನೌಕರ ಎನ್ನಲು ಯಾರದೂ ತಕರಾರಿಲ್ಲ. ತಕರಾರೆಲ್ಲ ಇರುವುದು ಪಾಠ ಮಾಡುವ, ಉತ್ತರಪತ್ರಿಕೆ ತಿದ್ದುವ, ಪ್ರಯೋಗಾಲಯ ನಡೆಸುವ ಸಂಶೋಧನಾ ವಿದ್ಯಾರ್ಥಿಯ ಬಗ್ಗೆ. ಅದೂ ಅವನ ಕಲಿಕೆಯ ಭಾಗವೇ ಎಂಬುದು ವಿಶ್ವವಿದ್ಯಾಲಯಗಳ ವಾದ. ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ 2000ದಲ್ಲಿ ಅವನನ್ನು ನೌಕರ ಎಂದಿತು. 2004ರಲ್ಲಿ ಅಲ್ಲ, ಮುಖ್ಯವಾಗಿ ವಿದ್ಯಾರ್ಥಿ ಎಂದಿತು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ನೌಕರ ಎಂದಿತು. ನಮ್ಮಲ್ಲಿ ಫೆಲೋಶಿಪ್ ಮೇಲಿರುವ ಗೆಳೆಯರು ಪರೀಕ್ಷಾ ಕೊಠಡಿ ಕಾಯುತ್ತಾರೆ, ವಿಚಾರ ಸಂಕಿರಣಕ್ಕೆ ಬಂದ ಅತಿಥಿಗಳನ್ನು ರೈಲ್ವೆ ನಿಲ್ದಾಣದಿಂದ ಕರೆತರುತ್ತಾರೆ, ಊಟದ ಕೂಪನ್ ಹಂಚುತ್ತಾರೆ. ನೇಮಕಾತಿ ಪತ್ರದ ಮಾತೇ ಬರುವುದಿಲ್ಲವಾದ್ದರಿಂದ ಇಂಥ ಮೊಕದ್ದಮೆಯೂ ಹುಟ್ಟುವುದಿಲ್ಲ.

2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಬೋಧನಾ ಸಹಾಯಕರು, ಸಂಶೋಧಕರು ಕೆಲಸ ನಿಲ್ಲಿಸಿದರು. ಪರೀಕ್ಷೆಯ ಸಮಯ ಬಂತು. ತಿದ್ದುವ ಕೈಗಳಿಲ್ಲದೆ ಉತ್ತರಪತ್ರಿಕೆಗಳು ಹಾಗೇ ಉಳಿದವು. ಡಿಸೆಂಬರ್ ಕೊನೆಯ ವಾರದ ಹೊತ್ತಿಗೆ ವಿಶ್ವವಿದ್ಯಾಲಯ ಸಂಬಳ ಹೆಚ್ಚಿಸುವ ಒಪ್ಪಂದಕ್ಕೆ ಬಂತು.