ಮೂರು ಖಂಡಗಳಿಗೆ ಒಂದೇ ಎಲೆ

ವಿಶ್ವಕಪ್ ಎಂಬ ಹೆಸರಿನೊಳಗಿರುವ ‘ವಿಶ್ವ’ ಎಷ್ಟು ದೊಡ್ಡದು? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರ ದೊರೆತಿದೆ. ೧೯೩೦ರಲ್ಲಿ ಅದು ಹದಿಮೂರು ದೇಶಗಳಷ್ಟು. ಆಮೇಲೆ ಬಹುಕಾಲ ಹದಿನಾರು. ೧೯೮೨ರಲ್ಲಿ ಇಪ್ಪತ್ತನಾಲ್ಕು, ೧೯೯೮ರಲ್ಲಿ ಮೂವತ್ತೆರಡು, ೨೦೨೬ಕ್ಕೆ ನಲವತ್ತೆಂಟು. ಕಾಲ್ಚೆಂಡಾಟದ ಈ ಮಹಾಪಂದ್ಯಾವಳಿ ಹೀಗೆ ಹಿಗ್ಗಿದುದಕ್ಕೆ ಎರಡು ಕಾರಣಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಆಟ ಜಗತ್ತಿಗೆಲ್ಲ ಹರಡಿತು ಎಂಬುದು ಒಂದು. ನಡೆಸುವವರಿಗೆ ಹಣದಾಸೆ ಹತ್ತಿತು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಇವೆರಡರ ನಡುವೆ ಒಂದು ಜಗಳದ ಕಥೆ ಮರೆತುಹೋಗುತ್ತದೆ. ಆ ಜಗಳ ನಡೆದುದು ಮೈದಾನದಲ್ಲಲ್ಲ, ಸಭೆಗಳಲ್ಲಿ.

ಮೊದಮೊದಲು ಇದ್ದ ತೊಡಕೇ ಬೇರೆ, ಕರೆದರೂ ಬರುವವರಿರಲಿಲ್ಲ. ೧೯೩೦ರ ಪಂದ್ಯಾವಳಿಯನ್ನು ನಡೆಸಿದ ಉರುಗ್ವೆ ದೇಶ ಪ್ರಯಾಣದ ಖರ್ಚು, ವಸತಿ ಎಲ್ಲವನ್ನೂ ತಾನೇ ಕೊಡುವೆನೆಂದರೂ ಯೂರೋಪಿನಿಂದ ಬಂದವು ನಾಲ್ಕೇ ತಂಡಗಳು. ಅವುಗಳಲ್ಲಿ ಫ್ರಾನ್ಸ್, ಬೆಲ್ಜಿಯಂ, ರುಮೇನಿಯ ಮೂರೂ ‘ಕೋಂಟೆ ವೆರ್ದೆ’ ಎಂಬ ಒಂದೇ ಹಡಗಿನಲ್ಲಿ ಬಂದವು. ಫೀಫಾ ಅಧ್ಯಕ್ಷ ಜೂಲ್ಸ್ ರಿಮೆ ಬಹುಮಾನದ ಬಟ್ಟಲನ್ನು ಅದೇ ಹಡಗಿನಲ್ಲಿ ತಂದರು. ಅರ್ಹತಾ ಪಂದ್ಯಗಳ ಮಾತೇ ಇರಲಿಲ್ಲ.

೧೯೫೦ರಲ್ಲಿ ನಮ್ಮ ದೇಶಕ್ಕೂ ಕರೆ ಬಂದಿತ್ತು. ಏಷ್ಯದ ಉಳಿದ ಸ್ಪರ್ಧಿಗಳು ಹಿಂದೆಗೆದುದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ದೊರೆತು, ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ಸ್ಥಾನವೂ ಸಿಕ್ಕಿತು. ನಾವು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂಬ ಕಥೆ ಬಲು ಜನಪ್ರಿಯ. ನಂಬಲು ರುಚಿಯಾಗಿಯೂ ಇದೆ. ಆದರೆ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದಂತೆ, ವಿಶ್ವಕಪ್ಪಿನ ಮಹತ್ವವೇ ನಮ್ಮವರಿಗೆ ಗೊತ್ತಿರಲಿಲ್ಲ, ಒಲಿಂಪಿಕ್ಸೇ ಸರ್ವಸ್ವವಾಗಿತ್ತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ೧–೨ರಿಂದ ಸೋತಾಗ ನಮ್ಮ ಪಾಲಿನ ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಆಟಗಾರ ಎಸ್. ರಾಮನ್ ಎಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು.

ಬರುವವರಿಲ್ಲದ ಕಾಲ ಹೋಗಿ, ಬರಬೇಕೆಂದರೂ ಬಾಗಿಲಿಲ್ಲದ ಕಾಲ ಬಂದುದು ೧೯೬೦ರ ಸುಮಾರಿಗೆ. ಆಫ್ರಿಕದ ದೇಶಗಳು ಒಂದರ ಹಿಂದೊಂದು ಸ್ವತಂತ್ರವಾದವು. ಹೊಸ ಬಾವುಟ, ಹೊಸ ರಾಷ್ಟ್ರಗೀತೆ, ಅದರ ಬೆನ್ನಿಗೇ ಫೀಫಾ ಸದಸ್ಯತ್ವ. ಘಾನಾದ ಅಧ್ಯಕ್ಷ ಎನ್‌ಕ್ರುಮಾ ಅವರಿಗಂತೂ ಕಾಲ್ಚೆಂಡಾಟವೆಂದರೆ ಖಂಡವನ್ನು ಒಂದುಗೂಡಿಸುವ ಸಾಧನ. ಹೀಗಿರುವಾಗ ೧೯೬೬ರ ಇಂಗ್ಲೆಂಡ್ ಪಂದ್ಯಾವಳಿಗೆ ಸ್ಥಾನಗಳ ಹಂಚಿಕೆಯಾಯಿತು: ಯೂರೋಪಿಗೆ ಹತ್ತು, ದಕ್ಷಿಣ ಅಮೆರಿಕಕ್ಕೆ ನಾಲ್ಕು, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ ಒಂದು. ಉಳಿದ ಒಂದು, ಆಫ್ರಿಕ, ಏಷ್ಯ, ಓಷಿಯಾನಿಯಗಳಿಗೆಲ್ಲ ಸೇರಿ! ಮದುವೆಯ ಪಂಕ್ತಿಯಲ್ಲಿ ಬೀಗರ ಕಡೆಗೆ ಹತ್ತು ಎಲೆ ಹಾಕಿ, ಊರಿನವರಿಗೆಲ್ಲ ಮೂಲೆಯ ಒಂದೇ ಎಲೆಯನ್ನು ತೋರಿಸಿದಂತೆ. ತನ್ನ ಖಂಡದಲ್ಲಿ ಎಲ್ಲರನ್ನೂ ಗೆದ್ದ ಆಫ್ರಿಕದ ತಂಡವೂ ಮತ್ತೆ ಏಷ್ಯ-ಓಷಿಯಾನಿಯದ ವಿಜೇತರೊಡನೆ ಹೋರಾಡಬೇಕು.

ಘಾನಾದ ಒಹೆನೆ ಜಾನ್ ಮತ್ತು ಇಥಿಯೋಪಿಯದ ಟೆಸ್ಸೆಮಾ ಯಿಡ್ನೆಕಾಚೆವ್ ಇದನ್ನು ಬಲವಾಗಿ ಪ್ರತಿಭಟಿಸಿದರು. ಅವರ ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು. ವರ್ಣಭೇದದ ದೋಷಕ್ಕಾಗಿ ಹೊರಗಿಟ್ಟಿದ್ದ ದಕ್ಷಿಣ ಆಫ್ರಿಕವನ್ನು ೧೯೬೩ರಲ್ಲಿ ಫೀಫಾ ಮರಳಿ ಒಳಗೆ ಬಿಟ್ಟುಕೊಂಡಿತ್ತು. ಅಧ್ಯಕ್ಷ ಸ್ಟ್ಯಾನ್ಲಿ ರೌಸ್ ಸಾಮಾನ್ಯರಲ್ಲ. ಹಿಂದೆ ತೀರ್ಪುಗಾರರಾಗಿದ್ದವರು, ಆಟದ ನಿಯಮಾವಳಿಯನ್ನು ೧೯೩೮ರಲ್ಲಿ ತಿದ್ದಿ ಬರೆದವರು. ಆದರೆ ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂಬ ಅವರ ನಂಬಿಕೆ, ಅನ್ಯಾಯ ಅನುಭವಿಸಿದವನಿಗೆ ಎಷ್ಟು ಕಟುವಾಗಿ ಕೇಳಿಸುವುದೆಂಬುದನ್ನು ಅವರು ಅರಿಯದೆ ಹೋದರು. ಆಫ್ರಿಕದ ಹದಿನೈದು ತಂಡಗಳೂ ಪಂದ್ಯಾವಳಿಯಿಂದ ಹಿಂದೆ ಸರಿದವು. ಫೀಫಾ ದಂಡವನ್ನು ಹಾಕಿತು.

ಕೊನೆಗೆ ಆ ಒಂದು ಎಲೆಗೆ ಉಳಿದವರು ಉತ್ತರ ಕೊರಿಯ ಮತ್ತು ಆಸ್ಟ್ರೇಲಿಯ. ಕಾಂಬೋಡಿಯದ ನಾಮ್ ಪೆನ್ ನಗರದಲ್ಲಿ ನಡೆದ ಎರಡೂ ಪಂದ್ಯಗಳನ್ನು ಕೊರಿಯನ್ನರು ಗೆದ್ದರು. ಮುಂದೆ ೧೯೬೬ರ ಜುಲೈ ೧೯ರಂದು ಮಿಡಲ್ಸ್‌ಬರೋದಲ್ಲಿ ಪಾಕ್ ದೂ-ಇಕ್ ಹೊಡೆದ ಒಂದೇ ಗೋಲಿನಿಂದ ಇಟಲಿ ಮನೆಗೆ ನಡೆಯಿತು. ಮುಂದಿನ ಪಂದ್ಯದಲ್ಲಿ ಪೋರ್ಚುಗಲ್ಲಿನ ಮೇಲೆ ಕೊರಿಯ ಮೂರು ಗೋಲು ಮುಂದಿತ್ತು. ಆಗ ಯುಸೇಬಿಯೊ ಎಂಬಾತ ಒಬ್ಬನೇ ನಾಲ್ಕು ಗೋಲು ಹೊಡೆದು ಪಂದ್ಯವನ್ನು ಕಿತ್ತುಕೊಂಡ. ಒಟ್ಟು ಒಂಬತ್ತು ಗೋಲು ಹೊಡೆದು ಆ ಪಂದ್ಯಾವಳಿಗೇ ಅಗ್ರಗಣ್ಯನಾದ ಈ ಯುಸೇಬಿಯೊ ಹುಟ್ಟಿದುದು ಎಲ್ಲಿ? ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಮೊಜಾಂಬಿಕ್‌ನಲ್ಲಿ. ಆಫ್ರಿಕದ ತಂಡವೊಂದೂ ಇಲ್ಲದ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಆಫ್ರಿಕದ ಮಗ!

ಬಹಿಷ್ಕಾರ ಫಲಿಸಿತು. ೧೯೭೦ರಿಂದ ಆಫ್ರಿಕಕ್ಕೆ ಸ್ವಂತ ಸ್ಥಾನ ದೊರೆತು, ಮೊರಾಕೊ ಮೆಕ್ಸಿಕೊಗೆ ಹೋಯಿತು. ೧೯೭೪ರಲ್ಲಿ ಜಯಿರ್ ತಂಡ ಯುಗೋಸ್ಲಾವಿಯಕ್ಕೆ ೯–೦ರಿಂದ ಸೋತಾಗ ‘ನಾವು ಹೇಳಲಿಲ್ಲವೇ’ ಎಂದವರು ಅನೇಕರು. ಫೀಫಾದ ಸ್ಥಾಪಕರಲ್ಲೊಂದಾದ ಫ್ರಾನ್ಸ್ ೧೯೦೮ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿಗೆ ೧೭–೧ರಿಂದ ಸೋತಿತ್ತೆಂಬುದನ್ನು ಅವರಿಗೆ ಯಾರೂ ನೆನಪಿಸಿದಂತಿಲ್ಲ.

ಅದೇ ವರ್ಷ ರೌಸ್ ಅವರ ಎದುರು ಬ್ರೆಜಿಲ್ಲಿನ ಜೋವಾವ್ ಹ್ಯಾವೆಲಾಂಜ್ ಚುನಾವಣೆಗೆ ನಿಂತರು. ಫೀಫಾದಲ್ಲಿ ದೊಡ್ಡ ದೇಶಕ್ಕೂ ಒಂದು ಮತ, ಚಿಕ್ಕ ದೇಶಕ್ಕೂ ಒಂದು ಮತ. ಹ್ಯಾವೆಲಾಂಜ್ ದೇಶದೇಶ ಸುತ್ತಿ, ಹೆಚ್ಚು ಸ್ಥಾನಗಳ ಭರವಸೆ ಕೊಟ್ಟು ೬೮–೫೨ರಿಂದ ಗೆದ್ದರು. ಅವರ ಬೆನ್ನಿಗೆ ಪಾದರಕ್ಷೆ, ಪಾನೀಯಗಳ ಕಂಪನಿಗಳೂ ಬಂದವು. ನ್ಯಾಯವೂ ವ್ಯಾಪಾರವೂ ಒಂದೇ ಗಾಡಿ ಹತ್ತಿದುದು ಇಲ್ಲಿಂದಲೇ.

ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. ೧೯೮೨ರಲ್ಲಿ ಹೆಚ್ಚಾದ ಎಂಟು ಸ್ಥಾನಗಳಲ್ಲಿ ನಾಲ್ಕು ಯೂರೋಪಿಗೇ ಹೋದವು. ಆಫ್ರಿಕಕ್ಕೆ ಸಿಕ್ಕಿದುದು ಇನ್ನೊಂದು ಮಾತ್ರ. ಆ ವರ್ಷ ಸ್ಪೇನಿನ ಗಿಹೋನ್‌ನಲ್ಲಿ ಅಲ್ಜೀರಿಯ ಪಶ್ಚಿಮ ಜರ್ಮನಿಯನ್ನು ೨–೧ರಿಂದ ಮಣಿಸಿತು. ಒಂಬತ್ತು ದಿನಗಳ ತರುವಾಯ ಅದೇ ಊರಿನಲ್ಲಿ ಜರ್ಮನಿ, ಆಸ್ಟ್ರಿಯಗಳು ಎದುರಾದವು. ಅಲ್ಜೀರಿಯದ ಆಟ ಹಿಂದಿನ ದಿನವೇ ಮುಗಿದಿತ್ತು. ಜರ್ಮನಿ ಒಂದೆರಡು ಗೋಲಿನಿಂದ ಗೆದ್ದರೆ ಇಬ್ಬರಿಗೂ ದಾರಿಯುಂಟೆಂಬುದು ಇಬ್ಬರಿಗೂ ಗೊತ್ತಿತ್ತು. ಹತ್ತನೆಯ ನಿಮಿಷದಲ್ಲಿ ಒಂದು ಗೋಲಾಯಿತು. ಉಳಿದ ಹೊತ್ತು ಚೆಂಡನ್ನು ಅತ್ತಿತ್ತ ಉರುಳಿಸುತ್ತ ಕಾಲ ಕಳೆದರು. ಅಲ್ಜೀರಿಯ ಹೊರಬಿತ್ತು. ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ನಿಯಮ ಬಂದುದು ಆಮೇಲೆ.

೧೯೯೦ರಲ್ಲಿ ಕ್ಯಾಮರೂನ್ ಹಿಂದಿನ ವಿಜೇತರಾದ ಅರ್ಜೆಂಟೀನವನ್ನು ಸೋಲಿಸಿ ಎಂಟರ ಘಟ್ಟ ತಲುಪಿದ ಮೇಲೆ ಆಫ್ರಿಕಕ್ಕೆ ಮೂರು ಸ್ಥಾನಗಳಾದವು, ೧೯೯೮ರಲ್ಲಿ ಐದು. ೨೦೧೭ರ ಜನವರಿಯಲ್ಲಿ ನಲವತ್ತೆಂಟರ ತೀರ್ಮಾನವಾದಾಗ ಮೂರು ಮೂರು ತಂಡಗಳ ಗುಂಪು ಮಾಡುವುದೆಂದಿತ್ತು. ಮೂವರಿದ್ದರೆ ಕೊನೆಯ ಪಂದ್ಯದಲ್ಲಿ ಒಬ್ಬರು ಸುಮ್ಮನೆ ಕೂತಿರಬೇಕು. ಗಿಹೋನ್ ಮತ್ತೆ ಎದ್ದುಬರುವ ಭಯ. ೨೦೨೩ರಲ್ಲಿ ಅದನ್ನು ಕೈಬಿಟ್ಟು ನಾಲ್ಕು ನಾಲ್ಕು ತಂಡಗಳ ಹನ್ನೆರಡು ಗುಂಪು ಮಾಡಿದರು, ಪಂದ್ಯಗಳು ನೂರನಾಲ್ಕಾದವು. ಅಷ್ಟು ಪಂದ್ಯ ಆಡುವ ಕಾಲುಗಳ ಗತಿಯೇನೆಂದು ಕೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಹೊಸ ಹಂಚಿಕೆಯಲ್ಲಿ ಯೂರೋಪಿಗೆ ಹದಿನಾರು ಸ್ಥಾನ, ೧೯೬೬ರಲ್ಲಿ ಇಡೀ ಪಂದ್ಯಾವಳಿಗೆ ಇದ್ದಷ್ಟು. ಆಫ್ರಿಕಕ್ಕೆ ಖಚಿತವಾಗಿ ಒಂಬತ್ತು, ಏಷ್ಯಕ್ಕೆ ಎಂಟು, ಓಷಿಯಾನಿಯಕ್ಕೂ ಒಂದು. ಏಷ್ಯದ ಆ ಎಂಟರಲ್ಲಿ ಒಂದಕ್ಕಾಗಿ ಆಡಿದ ಭಾರತ, ೨೦೨೪ರ ಜೂನ್ ತಿಂಗಳಲ್ಲಿ ದೋಹಾದಲ್ಲಿ ಕತಾರಿಗೆ ೨–೧ರಿಂದ ಸೋತು ಎರಡನೆಯ ಸುತ್ತಿನಲ್ಲಿಯೇ ಹೊರಬಂದಿತು.